ಗೋಡೆಯಾಚೆಯ ಹೊಗೆ

“ಇದೇನೇ ಇದು? ನಿಮ್ಮಪ್ಪನ ಫೋಟೋನಾ, ಹಂಗೇ ಇರ್ಲಿ ಅಂತ ಬಿಟ್ಟಿದೀಯಾ?”

ಸಾರಾಯಿ ಕಂಪನಿಯ ಮೇಸ್ತ್ರಿ ಹೊಸ್ತಿಲಲ್ಲಿ ನಿಂತು ಖಾಲಿ ಸೀಸೆಯೊಂದನ್ನು ಬೆಳಕಿಗೆ ಹಿಡಿದಿದ್ದ. ಸೀಸೆಯ ಬೆನ್ನ ಮೇಲೆ ಹಳೆಯ ಲೇಬಲ್ಲಿನ ಚೂರೊಂದು, ಕಿರುಬೆರಳ ಉಗುರಿನಷ್ಟು, ಇನ್ನೂ ಅಂಟಿಕೊಂಡಿತ್ತು. ಅವಳು ತಲೆ ಎತ್ತಲಿಲ್ಲ. ಬಲಗೈ ಮೊಣಕೈಯವರೆಗೂ ಡ್ರಮ್ಮಿನೊಳಗಿತ್ತು. ಸೋಡಾಪುಡಿ ಬೆರೆತ ಬಿಸಿನೀರಿನ ತಳದಲ್ಲಿ ಹೊರಳಾಡುವ ಸೀಸೆಗಳನ್ನು ಕತ್ತು ಹಿಡಿದು ಒಂದೊಂದಾಗಿ ಎತ್ತುವಾಗ ನಡುವೆ ಕೈ ಹೊರತೆಗೆಯಬಾರದು. ತೆಗೆದರೆ ಮತ್ತೆ ಒಳಗೆ ಹಾಕುವ ಧೈರ್ಯ ಬರುವುದಿಲ್ಲ. ಹಾಗೆ ಡ್ರಮ್ಮಿನ ತಳ ಮುಟ್ಟುವ ಕೈ ಗಲ್ಲಿಯಲ್ಲಿ ಅವಳೊಬ್ಬಳದೇ. ಅದಕ್ಕೇ ಎಲ್ಲರೂ ಅವಳನ್ನು ಉದ್ದಗೈ ಎಂದೇ ಕರೆಯುತ್ತಿದ್ದರು.

“ಕಿವಿ ಕೇಳ್ಸಲ್ವಾ?”

“ಕೇಳ್ಸ್ತು. ಒಂದು ಚೂರು ತಾನೇ, ಉಜ್ಜಿ ಕೊಡ್ತೀನಿ.”

“ಒಂದು ಚೂರಾ? ಇದನ್ನ ಕುಡಿಯೋರು ಯಾರು ಅಂತ ಗೊತ್ತೇನೇ? ನಿನ್ನ ಗಂಡನ ಥರ ಚರಂಡೀಲಿ ಬೀಳೋರಲ್ಲ.” ಮೇಸ್ತ್ರಿ ಕಾಲಿನಿಂದ ಕ್ರೇಟನ್ನು ಒಳಕ್ಕೆ ನೂಕಿದ. ತೊಳೆದಿಟ್ಟ ಸೀಸೆಗಳು ಗಲಗಲ ಎಂದವು. “ಪೂರ್ತಿ ಕ್ರೇಟು ರಿಜೆಕ್ಟು. ಇನ್ನೊಂದು ಸಲ ಕುದಿಸು.”

ಮೂಲೆಯ ಮಂಚದಿಂದ ಕೆಮ್ಮು ಕೇಳಿಸಿತು. ಕೆಮ್ಮು ನಿಲ್ಲುವವರೆಗೆ ಕಾದು, ಬಾಯಿ ಒರೆಸಿಕೊಂಡು, ಅತ್ತೆ ಅಂದಳು:

“ಲೋ, ಲೇಬಲ್ಲು ನೆಕ್ಕೋಕೆ ಯಾರಾದ್ರೂ ಸಾರಾಯಿ ತಗೊಳ್ತಾರೇನೋ?”

ಅತ್ತೆ ಕಂಪನಿಯ ತೊಳೆಯೋ ಶೆಡ್ಡಿನಲ್ಲಿ ಒಂದು ಆಯುಷ್ಯ ಸವೆಸಿದವಳು. ಈ ಮೇಸ್ತ್ರಿ ಒಡೆದ ಗಾಜು ಗುಡಿಸುವ ಕೆಲಸಕ್ಕೆ ಸೇರಿದ್ದನ್ನು ಕಣ್ಣಾರೆ ಕಂಡವಳು. ಅದಕ್ಕೇ ಅವನಿಗೆ ಅವಳನ್ನು ಕಂಡರೆ ಆಗದು.

“ಉಸಿರು ಉಳಿಸ್ಕೋ ಮುದುಕಿ. ಸಾಯೋಕೆ ಬೇಕಾಗುತ್ತೆ.” ಸೊಸೆಯ ಕಡೆ ತಿರುಗಿದ. “ನಾಳೆ ಬೆಳಿಗ್ಗೆಯಿಂದ ಈ ಗಲ್ಲೀಲಿ ಯಾರೂ ಒಲೆ ಹಚ್ಚಂಗಿಲ್ಲ. ಕಾರ್ಖಾನೇಲಿ ಹೊಗೆ ಇಲ್ಲ ಅಂತ ಸರ್ಟಿಫಿಕೇಟ್ ಕೊಡೋರು ಬರ್ತಿದಾರೆ. ಎರಡು ದಿನ ಇರ್ತಾರೆ. ಒಂದೆಳೆ ಹೊಗೆ ಕಂಡ್ರೂ ಆ ಮನೆಗೆ ಕ್ರೇಟು ಬಂದ್. ತಿಳೀತಾ?”

“ಈ ಕ್ರೇಟು?”

“ಅದು ನಾಳೆ ಹೊತ್ತು ಹುಟ್ಟೋ ಮುಂಚೆ ಬೇಕು.”

ರಾತ್ರಿಯೆಲ್ಲ ಒಲೆ ಉರಿದರೆ ಬೆಳಿಗ್ಗೆ ಹೊಗೆ ಕಾಣದಿರುವುದು ಹೇಗೆ ಎಂದು ಕೇಳುವಷ್ಟರಲ್ಲಿ ಮೇಸ್ತ್ರಿ ಪಕ್ಕದ ಮನೆ ಬಾಗಿಲಿಗೆ ಹೋಗಿ ಕುಳ್ಳಿಯನ್ನು ಬೈಯುತ್ತಿದ್ದ.

ಇರುವುದು ಒಂದೇ ಕೋಣೆ. ಕಿಟಕಿಯ ಕೆಳಗೆ ಮೂರು ಕಲ್ಲಿನ ಒಲೆ, ಅದರ ಮೇಲೆ ಡ್ರಮ್ಮು. ಎದುರು ಗೋಡೆಗೆ ಅತ್ತೆಯ ಮಂಚ. ನಡುವೆ ಉಳಿದ ಜಾಗವೆಲ್ಲ ಕ್ರೇಟುಗಳದು. ಗಂಡ ಹೆಂಡತಿ ಮಲಗುವ ಕಡೆ ಈಗ ಸೀಸೆಗಳು ಮಲಗಿದ್ದವು. ಗಂಡ ಬಾಗಿಲಾಚೆ ಜಗುಲಿಯಲ್ಲಿ, ಅವಳು ಅತ್ತೆಯ ಕಾಲ ಬುಡದಲ್ಲಿ ಮುದುರಿಕೊಂಡು. ಅಡುಗೆಗೆ ಪುಟ್ಟ ಗ್ಯಾಸ್ ಒಲೆ ಇತ್ತು. ಆದರೆ ಡ್ರಮ್ಮು ಕುದಿಸುವುದಕ್ಕೆ ಗ್ಯಾಸು ಹಚ್ಚಿದರೆ ಮನೆಯವರು ಉಪವಾಸ ಬೀಳಬೇಕಾಗುತ್ತಿತ್ತು. ಹಾಗಾಗಿ ಹಸಿ ಸೌದೆ, ಗರಗಸದ ಮಿಲ್ಲಿನ ಮರದ ಪುಡಿ, ಸಿಕ್ಕರೆ ಹಳೆ ಚಪ್ಪಲಿ. ಕೋಣೆಯ ಗೋಡೆಗೆ ಕೈಯಿಟ್ಟರೆ ಅಂಗೈ ಕಪ್ಪಾಗುತ್ತಿತ್ತು.

ಹೋದ ವರ್ಷದವರೆಗೂ ಇದೆಲ್ಲ ಕಾರ್ಖಾನೆಯ ಗೋಡೆಯೊಳಗೆ ನಡೆಯುತ್ತಿತ್ತು. ಬಾಯ್ಲರಿನಿಂದ ಶೆಡ್ಡಿಗೆ ಹಬೆಯ ಪೈಪು ಬರುತ್ತಿತ್ತು. ಚಕ್ರ ತಿರುಗಿಸಿದರೆ ತೊಟ್ಟಿಯ ನೀರು ಕುದಿಯುತ್ತಿತ್ತು, ಹೊಗೆ ಎತ್ತರದ ಚಿಮಣಿ ಹತ್ತಿ ಆಕಾಶಕ್ಕೆ ಹೋಗುತ್ತಿತ್ತು. ಒಂದು ದಿನ ಹೊಸ ಸುದ್ದಿ ಹಬ್ಬಿತು: ಕಂಪನಿ ಇನ್ನು ಮೇಲೆ ಹೊಗೆ ಬಿಡುವುದಿಲ್ಲವಂತೆ. ಹೊಗೆ ಇಲ್ಲ ಅಂದರೆ ಬೆಂಕಿ ಇಲ್ಲ, ಬೆಂಕಿ ಇಲ್ಲ ಅಂದರೆ ಸ್ಪಿರಿಟ್ಟು ಇಳಿಯುವುದಿಲ್ಲ, ಸ್ಪಿರಿಟ್ಟು ಇಳಿಯದಿದ್ದರೆ ಸೀಸೆ ಯಾಕೆ? ಕಾರ್ಖಾನೆ ಮುಚ್ಚುತ್ತಾರೆ ಎಂದುಕೊಂಡು ಹೆಂಗಸರೆಲ್ಲ ಶೆಡ್ಡಿನಲ್ಲೇ ಕೂತು ಸತ್ತವರ ಮನೆಯಲ್ಲಿ ಅಳುವ ಹಾಗೆ ಅತ್ತರು.

ಆಗ ಬಂದವನು ಹೊಸ ಸಾಹೇಬ. ಎಳೆ ವಯಸ್ಸು, ಇಸ್ತ್ರಿ ಮಾಡಿದ ಹಸಿರು ಅಂಗಿ, ಬಾಯಲ್ಲಿ ಸಕ್ಕರೆ. ಮುಚ್ಚುವುದಿಲ್ಲ ಎಂದ. ಬಾಯ್ಲರಿಗೆ ಕಲ್ಲಿದ್ದಲಿನ ಬದಲು ಹೊಟ್ಟು ಹಾಕುತ್ತೇವೆ, ಸಾರಾಯಿಗೆ ಹುಳಿ ಬರಿಸುವ ತೊಟ್ಟಿಯಿಂದ ಏಳುವ ಗಾಳಿಯನ್ನು ಹಿಡಿದು ಸಿಲಿಂಡರಿಗೆ ತುಂಬುತ್ತೇವೆ ಎಂದ. ಭೂಮಿತಾಯಿಯ ಮೈ ಸುಡುತ್ತಿದೆ, ನಮ್ಮ ಕಾರ್ಖಾನೆ ಮಾತ್ರ ಅವಳಿಗೆ ಕಿಡಿಯಷ್ಟೂ ಬಿಸಿ ತಾಗಿಸುವುದಿಲ್ಲ, ಅದಕ್ಕೆ ಕಾರ್ಬನ್ ನ್ಯೂಟ್ರಲ್ ಅನ್ನುತ್ತಾರೆ ಎಂದ. ಸೀಸೆ ತೊಳೆಯುವುದು ತುಂಬ ಹಬೆ ನುಂಗುತ್ತದೆ, ಆದ್ದರಿಂದ ಆ ಕೆಲಸ ನಿಮ್ಮ ಮನೆಗೇ ಬರುತ್ತದೆ ಎಂದ. ಗೇಟಿನಲ್ಲಿ ಮೈ ತಡವಿಸಿಕೊಳ್ಳುವುದಿಲ್ಲ, ಹಾಜರಿ ಇಲ್ಲ, ಮಕ್ಕಳು ಕಣ್ಣೆದುರಿಗೇ ಇರುತ್ತವೆ. ಹೆಂಗಸರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಮುಚ್ಚುವುದಿಲ್ಲ ಎಂಬ ಒಂದು ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ಯಾರಿಗೂ ಕೇಳಿಸಿರಲಿಲ್ಲ. ಅವತ್ತು ಮಧ್ಯಾಹ್ನವೇ ವೆಲ್ಡಿಂಗಿನವನು ಬಂದು ಹಬೆಯ ಪೈಪನ್ನು ಕತ್ತರಿಸಿ ಬಾಯಿ ಮುಚ್ಚಿದ.

ಚಪ್ಪಾಳೆ ತಟ್ಟದವಳು ಅತ್ತೆ ಒಬ್ಬಳೇ. “ಕಂಡೋರ ಮಕ್ಳನ್ನ ಬಾವಿಗೆ ತಳ್ಳಿ ಆಳ ನೋಡ್ತಿದಾನೆ ಕಣ್ರೇ ಇವನು” ಎಂದಿದ್ದಳು. ಹಸಿರು ಸಾಹೇಬ ಎಂದು ಹೆಸರಿಟ್ಟವಳೂ ಅವಳೇ.

ಈಗ ಮಾರುಕಟ್ಟೆಯಿಂದ ಮರಳಿ ಬರುವ ಸೀಸೆಗಳ ಮೇಲೆ ಹೊಸ ಲೇಬಲ್ಲು ಇರುತ್ತಿತ್ತು. ಮೂಲೆಯಲ್ಲಿ ಒಂದು ಹಸಿರೆಲೆಯ ಗುರುತು. ಎಲ್ಲ ಲೇಬಲ್ಲಿಗಿಂತ ಗಟ್ಟಿ ಅಂಟು ಆ ಎಲೆಯದು. ಎರಡು ಸಲ ಕುದಿಸಿದರೂ ಬಿಡುತ್ತಿರಲಿಲ್ಲ.

ಹಿಂದಿನ ವಾರ ಅತ್ತೆಯನ್ನು ಕೈಹಿಡಿದು ಸರ್ಕಾರಿ ಆಸ್ಪತ್ರೆಗೆ ನಡೆಸಿಕೊಂಡು ಹೋಗಿದ್ದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು, ಮುಖ ಗಂಟಿಕ್ಕಿ, “ಎಷ್ಟು ವರ್ಷದಿಂದ ಬೀಡಿ ಸೇದ್ತೀಯಮ್ಮ?” ಎಂದು ಕೇಳಿದರು.

“ಬೀಡಿ ಮುಟ್ಟಿಲ್ಲ ಡಾಕ್ಟ್ರೇ.”

“ಸುಳ್ಳು ಹೇಳ್ಬೇಡ. ಈ ಎದೆ ಸೇದಿರೋ ಎದೆ.”

“ಹಂಗಾದ್ರೆ ಸೇದಿದೀನಿ ಬಿಡಿ. ಇಡೀ ಕಾರ್ಖಾನೇನ ಸೇದಿದೀನಿ.”

ಡಾಕ್ಟರು ನಗಲಿಲ್ಲ. ಸೊಸೆಯನ್ನು ಪಕ್ಕಕ್ಕೆ ಕರೆದು, ಮನೆಯ ಒಲೆಯ ಸಂಗತಿ ಕೇಳಿ ತಿಳಿದು, ಮಾತ್ರೆ ಕೊಡುತ್ತೇನೆ, ಆದರೆ ಮಾತ್ರೆಯಿಂದ ಏನೂ ಆಗುವುದಿಲ್ಲ ಎಂದರು. ಆ ಕೋಣೆಯಲ್ಲಿ ಒಲೆ ಉರಿಯುವವರೆಗೂ ಈ ಜೀವ ಉಳಿಯುವುದಿಲ್ಲ, ಚಳಿಗಾಲ ಕಳೆಯುವುದೂ ಕಷ್ಟ ಎಂದರು. ಹೊರಗೆ ಬಂದಾಗ ಅತ್ತೆ “ಏನಂದ?” ಎಂದು ಕೇಳಿದಳು. “ಹಾಲು ಕುಡೀಬೇಕಂತೆ” ಎಂದಳು ಸೊಸೆ. “ಹೌದಾ? ಹಸೂನೂ ಅವನೇ ಕೊಡ್ತಾನಂತಾ?”

ತಾಯಿಯನ್ನು ಚಿಕ್ಕಂದಿನಲ್ಲೇ ಕಳಕೊಂಡವಳಿಗೆ ಈ ಬಾಯಿಬಡುಕಿ ಮುದುಕಿಯೇ ಎಲ್ಲ ಆಗಿದ್ದಳು. ಮದುವೆಯಾದ ಹೊಸದರಲ್ಲಿ ಸೋಡಾನೀರಿಗೆ ಬೆರಳು ಬಿರಿದು ರಕ್ತ ಬಂದಾಗ, ಅಳುತ್ತಾ ಕೂತವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಎಣ್ಣೆ ಹಚ್ಚಿದವಳು. “ಅಳು, ಅತ್ತುಬಿಡು. ನಾಳೆ ಶೆಡ್ಡಲ್ಲಿ ಅಳಬೇಡ, ಆ ಸುಖ ಅವರಿಗೆ ಕೊಡಬೇಡ” ಎಂದಿದ್ದಳು. ಆ ಮಾತು ಅವಳ ಬೆನ್ನುಮೂಳೆಯ ಹಾಗೆ ಒಳಗೆ ನಿಂತುಬಿಟ್ಟಿತ್ತು.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಅವಳು ಯಾರನ್ನೂ ಕೇಳದೆ ಹಸಿರು ಸಾಹೇಬನ ಕೋಣೆಗೆ ಹೋಗಿದ್ದಳು.

ಒಳಗೆ ತಣ್ಣಗೆ ಗಾಳಿ ಬೀಸುತ್ತಿತ್ತು. ಕಿಟಕಿಯ ಬಳಿ ಕುಂಡಗಳಲ್ಲಿ ಗಿಡ. ಮೇಜಿನ ಮೇಲೆ ಅಂಗೈಯಗಲದ ಬಿಳಿ ಪೆಟ್ಟಿಗೆಯೊಂದು ಹಸಿರು ದೀಪ ಬೆಳಗುತ್ತಾ ಕೂತಿತ್ತು. ಅವಳು ಮೇಜಿನ ಹತ್ತಿರ ಹೋಗಿ ನಿಂತ ಸ್ವಲ್ಪ ಹೊತ್ತಿಗೆ ಆ ದೀಪ ಹಳದಿಯಾಯಿತು, ಆಮೇಲೆ ಕೆಂಪಾಯಿತು, ಪೆಟ್ಟಿಗೆ ಕೀಂ ಕೀಂ ಎಂದು ಕೂಗತೊಡಗಿತು. ಅವಳು ಏನೋ ಮುಟ್ಟಿಬಿಟ್ಟೆನೆಂದು ಹೆದರಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

ಸಾಹೇಬ ನಕ್ಕ. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬನಿಗೆ ತೋರಿಸಿದ. “ನೋಡಿದ್ರಾ? ಎಷ್ಟು ಸೂಕ್ಷ್ಮ ಇದೆ ಮಿಷನ್ನು! ಇವಳ ಬಟ್ಟೆ ಕೂದಲಲ್ಲಿರೋ ಹೊಗೇನ ಹಿಡಿದುಬಿಡ್ತು.” ಆಮೇಲೆ ಅವಳಿಗೆ, ಮಗುವಿಗೆ ಹೇಳುವ ಹಾಗೆ, “ನೀನು ಸ್ವಲ್ಪ ಬಾಗಿಲಾಚೆ ನಿಂತ್ಕೋಮ್ಮ. ಅಲ್ಲಿಂದಾನೇ ಹೇಳು.”

ಬಾಗಿಲಾಚೆ ನಿಂತು ಹೇಳಿದಳು. ಅತ್ತೆಯ ಎದೆಯ ಬಗ್ಗೆ, ಡಾಕ್ಟರು ಅಂದದ್ದು. ಶೆಡ್ಡಿನ ಹಬೆ ಮತ್ತೆ ಬಿಡಿ, ನಾವೇ ಒಳಗೆ ಬಂದು ತೊಳೆಯುತ್ತೇವೆ ಎಂದಳು.

“ನೋಡಮ್ಮ, ಗೋಡೆಯೊಳಗಿನ ಹೊಗೆ ನಮ್ಮ ಲೆಕ್ಕಕ್ಕೆ ಬರುತ್ತೆ. ಗೋಡೆಯಾಚೆಯದು ನಿಮ್ಮ ಮನೆಯ ಹೊಗೆ. ನಿಮ್ಮ ಮನೆ ಒಲೆ ವಿಚಾರಕ್ಕೆ ನಾನು ಹೇಗೆ ತಲೆ ಹಾಕ್ಲಿ?”

“ಒಲೆ ನಮ್ದು ಸಾಹೇಬ್ರೇ. ಒಲೆ ಮೇಲಿರೋ ಸೀಸೆ ನಿಮ್ದು.”

“ಸೀಸೆ ತೊಳೆಯೋಕೆ ಕೊಟ್ಟಿದೀವಿ. ಬೆಂಕಿ ಹಚ್ಚು ಅಂತ ಕಂಪನಿ ಹೇಳಿದ್ಯಾ? ಯಾರಾದ್ರೂ ಹೇಳಿದಾರಾ?”

“ತಣ್ಣೀರಲ್ಲಿ ಲೇಬಲ್ಲು ಬಿಡಲ್ಲ.”

“ಅದು ನಿನ್ನ ಕೆಲಸ.” ಸಾಹೇಬನ ದನಿ ಈಗಲೂ ಮೆತ್ತಗೇ ಇತ್ತು. “ನಿನ್ನ ಗಂಡ ನಮ್ಮ ಲೋಡಿಂಗಲ್ಲೇ ಇದಾನಲ್ವಾ? ಒಳ್ಳೆ ಮನುಷ್ಯ. ತಗ್ಗಿಸಿದ ತಲೆ ಎತ್ತಲ್ಲ.” ಪೆಟ್ಟಿಗೆಯ ದೀಪ ಮತ್ತೆ ಹಸಿರಾಗಿತ್ತು. ಅವನು ಅದನ್ನು ನೋಡಿ, ಅವಳನ್ನು ನೋಡಿ, ತಲೆಯಾಡಿಸಿದ. ಹೋಗು ಎಂದು ಅರ್ಥ.

ಆ ದಿನ ಬಾವಿಕಟ್ಟೆಯಲ್ಲಿ ಅವಳು ತಲೆಗೆ ಮೂರು ಸಲ ಸೋಪು ಹಾಕಿದಳು. ಹಾಕುತ್ತಾ ಹಾಕುತ್ತಾ ತನ್ನ ಮೇಲೆಯೇ ಸಿಟ್ಟು ಬಂದು ಸೋಪನ್ನು ಗೋಡೆಗೆ ಎಸೆದಳು.

ಗಂಡನಿಗೆ ಸುದ್ದಿ ಅವಳು ಹೇಳುವ ಮುಂಚೆಯೇ ಮುಟ್ಟಿತ್ತು.

“ನನ್ನ ಅನ್ನಕ್ಕೆ ಮಣ್ಣು ಹಾಕೋಕೆ ಹೋಗಿದ್ಯಾ?”

“ನಿನ್ನ ತಾಯಿ ಉಸಿರು ಕೇಳೋಕೆ ಹೋಗಿದ್ದೆ.”

“ನನಗಿಲ್ವಾ ಸಂಕಟ? ಹೆತ್ತಿರೋದು ನನ್ನನ್ನ.”

“ಹಂಗಾದ್ರೆ ನೀನೂ ಹೋಗಿ ಕೇಳು. ನಿನ್ನ ಬಟ್ಟೆಗೆ ಹೊಗೆ ವಾಸನೆ ಇಲ್ಲ. ಮಿಷನ್ನು ಕೂಗಲ್ಲ.”

ಅವನು ಚಾಪೆ ತೆಗೆದುಕೊಂಡು ಜಗುಲಿಗೆ ಹೋದ. ಅವನ ಮೇಲೆ ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಥರದ ದಣಿವು ಬಂತು. ಇಡೀ ದಿನ ಕ್ರೇಟು ಹೊತ್ತ ಬೆನ್ನು ಮಲಗಿದ ಮೇಲೂ ನೆಟ್ಟಗಾಗುತ್ತಿರಲಿಲ್ಲ. ಅಂಥ ಬೆನ್ನಿನಿಂದ ಇನ್ನೇನು ಕೇಳುವುದು?

ಸರ್ಟಿಫಿಕೇಟಿನವರು ಬರುವ ದಿನ ಮೇಸ್ತ್ರಿ ನಸುಕಿನಲ್ಲೇ ಬಂದ. ರಿಜೆಕ್ಟಾದ ಕ್ರೇಟನ್ನು ಮತ್ತೆ ಕುದಿಸಿ ಒರೆಸಿ ಬಾಗಿಲಲ್ಲಿ ಜೋಡಿಸಿಟ್ಟಿದ್ದಳು. ಒಲೆಯಲ್ಲಿ ಕೆಂಡ ಇನ್ನೂ ಉಸಿರಾಡುತ್ತಿತ್ತು, ನೀಲಿ ಎಳೆಯೊಂದು ಕಿಟಕಿಯಿಂದ ಹೊರಗೆ ಹೋಗುತ್ತಿತ್ತು.

“ಹೇಳಿರ್ಲಿಲ್ವೇನೇ ಬೋಳಿ, ಒಂದೆಳೇನೂ ಕಾಣಬಾರ್ದು ಅಂತ?”

“ನೀವೇ ತಾನೇ ಕುದಿಸು ಅಂದಿದ್ದು...”

ಅವನು ಕೊಡದ ನೀರನ್ನು ಹಾಗೇ ಎತ್ತಿ ಒಲೆಗೆ ಸುರಿದ. ಭುಸ್ಸೆಂದು ಬೂದಿ, ಹಬೆ, ಕಿಡಿ ಎಲ್ಲ ಒಟ್ಟಿಗೆ ಎದ್ದು ಕೋಣೆ ತುಂಬಿತು. ಕಪ್ಪು ನೀರು ಮಂಚದ ಕೆಳಗೆ ಹರಿಯಿತು. ಅತ್ತೆ ಎದ್ದು ಕೂರಲು ಹೋಗಿ, ಉಸಿರು ಸಿಗದೆ, ಗಾಳಿಯನ್ನು ಕೈಯಿಂದ ಹಿಡಿದು ಬಾಯಿಗೆ ಹಾಕಿಕೊಳ್ಳುವವಳ ಹಾಗೆ ಒದ್ದಾಡಿದಳು. ಸೊಸೆ ಅವಳನ್ನು ಎದೆಗೊತ್ತಿ ಹಿಡಿದು ಬೆನ್ನು ತಟ್ಟಿದಳು. ತಟ್ಟಿದ ಕಡೆಯೆಲ್ಲ ಮೂಳೆ.

ಉಸಿರು ಮರಳಿದ ಮೇಲೆ ಮುದುಕಿ ಆಡಿದ ಮೊದಲ ಮಾತು, “ಥೂ, ಸೂಳೆಮಗನೇ.”

ಮೇಸ್ತ್ರಿ ಪ್ಯಾಂಟಿಗೆ ಹಾರಿದ ಬೂದಿಯನ್ನು ಕೊಡವಿಕೊಳ್ಳುತ್ತಾ ಹೊರಟುಹೋದ.

ಆ ದಿನ ಗಲ್ಲಿಯಲ್ಲಿ ಒಂದು ಒಲೆಯೂ ಉರಿಯಲಿಲ್ಲ. ಗೋಡೆಯಾಚೆ ಕಾರ್ಖಾನೆಯ ತಾರಸಿ ಮೇಲೆ ಬಣ್ಣದ ಟೊಪ್ಪಿಗೆ ಹಾಕಿದ ಸರ್ಟಿಫಿಕೇಟಿನವರು ಓಡಾಡುವುದು, ಹಸಿರು ಸಾಹೇಬ ಕೈ ಚಾಚಿ ಆಕಾಶ ತೋರಿಸುವುದು ಕಿಟಕಿಯಿಂದ ಕಾಣುತ್ತಿತ್ತು. ಹೊತ್ತೇರಿದಂತೆ ಏನೋ ಬೇರೆಯಾಯಿತು. ಗಲ್ಲಿಯ ಇನ್ನೊಂದು ತುದಿ ಕಾಣಿಸಿತು. ಅಲ್ಲಿದ್ದ ಹಳದಿ ಗೋಡೆ ಹಳದಿ ಎಂದು ಅವಳಿಗೆ ಮರೆತೇ ಹೋಗಿತ್ತು. ಕುಳ್ಳಿ ಜಗುಲಿಯಲ್ಲಿ ಕೂತು ತಲೆ ಬಾಚುತ್ತಾ, “ಇವತ್ತು ನನ್ನ ಗಂಡನ ಮುಖ ಸರಿಯಾಗಿ ಕಾಣ್ತು ಕಣೆ. ಹೊಗೇನೇ ವಾಸಿ ಇತ್ತು” ಎಂದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಒಳಗೆ ಬಂದಾಗ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಅತ್ತೆ ಅಂಗಾತ ಮಲಗಿದ್ದಳು. ಎಷ್ಟೋ ತಿಂಗಳಿಂದ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದವಳು ಕಾಲು ಚಾಚಿ, ಬಾಯಿ ತುಸು ತೆರೆದು, ಅಲುಗಾಡದೆ ಮಲಗಿದ್ದಳು. ಸೊಸೆ ಹತ್ತಿರ ಹೋಗಿ ಬೆರಳನ್ನು ಮೂಗಿನ ಕೆಳಗೆ ಹಿಡಿದಳು.

ಬೆಚ್ಚಗಿನ ಗಾಳಿ ತಾಗಿತು.

“ಸತ್ತಿಲ್ಲ ಕಣೆ” ಎಂದಳು ಅತ್ತೆ, ಕಣ್ಣು ತೆರೆಯದೆ. “ನಿದ್ದೆ ಮಾಡ್ತಿದ್ದೆ. ಹಿಂಗೆ ಮಲಗೋದು ಅಂದ್ರೆ ಏನು ಅಂತಾನೇ ಮರ್ತುಹೋಗಿತ್ತು.”

“ಮಲ್ಕೊಳಿ ಮಲ್ಕೊಳಿ.”

“ಆ ದೊಡ್ಡ ಮನುಷ್ಯರು ದಿನಾ ಬರ್ಲಿ ಅಂತ ಹೇಳು. ನಾನು ಇನ್ನೂ ಹತ್ತು ವರ್ಷ ಇದ್ದು ನಿನ್ನ ಪ್ರಾಣ ತಿಂತೀನಿ.”

ಸೊಸೆ ಅವಳ ಹೊದಿಕೆ ಸರಿಮಾಡಿದಳು. ಮದ್ದು ಇಷ್ಟೇ ಇತ್ತು. ಒಂದು ದಿನ ಒಲೆ ಹಚ್ಚದಿರುವುದು. ಅದು ಕಂಪನಿಯವರಿಗೆ ಗೊತ್ತಿತ್ತು, ಮಾಡಲೂ ಬರುತ್ತಿತ್ತು. ಮುದುಕಿಯ ಸಲುವಾಗಿ ಆಗದ್ದು ಟೊಪ್ಪಿಗೆಯವರ ಕಣ್ಣಿನ ಸಲುವಾಗಿ ಆಗಿತ್ತು.

ಸಂಜೆ ಮೇಸ್ತ್ರಿ ಬಂದಾಗ ಅವನ ಮುಖ ಅರಳಿತ್ತು. ಹಿಂದೆ ಕ್ರೇಟುಗಳ ಗಾಡಿ. ಜಗುಲಿ ತುಂಬ ಇಳಿಸಿದ, ಎಂದಿನದಕ್ಕಿಂತ ಎರಡರಷ್ಟು.

“ಸರ್ಟಿಫಿಕೇಟು ಸಿಕ್ಕಂಗೇ. ನಾಳೆ ಬೆಳಿಗ್ಗೆ ಮುಂದಿನ ಗೇಟಿನ ಒಳಗೆ, ಆ ಹುಲ್ಲಿನ ಮೇಲೆ ಸಸಿ ನೆಟ್ಟು ಫೋಟೋ ತೆಗೆಸ್ಕೊಂಡು ಹೊರಡ್ತಾರೆ. ಅವರ ಕಾರು ಹೋದ ತಕ್ಷಣ ಎಲ್ಲರೂ ಒಲೆ ಹಚ್ಚಿ. ಎರಡು ದಿನದ ಬಾಕಿ ಒಂದೇ ದಿನದಲ್ಲಿ ಎದ್ದೇಳ್ಬೇಕು.”

“ನಾಳೆ ಮಧ್ಯಾಹ್ನ ಈ ಗಲ್ಲಿ ಸುಡುಗಾಡೇ ಸೈ” ಎಂದಳು ಕುಳ್ಳಿ.

“ಬಾಯಿ ಮುಚ್ಚು. ಏ ಉದ್ದಗೈ, ಸಸಿಗೆ ಹಾಕೋಕೆ ನೀರು ಬೇಕು. ಅಲ್ಲಿ ನಲ್ಲಿ ಇಲ್ಲ. ನಿನ್ನ ಡ್ರಮ್ಮು ದೊಡ್ಡದು, ಕೈಗಾಡಿ ಮೇಲೆ ಇಟ್ಕೊಂಡು ಬಾ. ಗೇಟಲ್ಲಿ ಹೇಳಿರ್ತೀನಿ, ಬಿಡ್ತಾರೆ. ತಂದಿಟ್ಟು ಹಿಂದೆ ಹೋಗಿ ನಿಂತ್ಕೋ. ನಿನ್ನ ಕೈ ಫೋಟೋಲಿ ಬಂದ್ರೆ ಅವರು ಮಧ್ಯಾಹ್ನದ ಊಟ ಬಿಡ್ತಾರೆ.”

ಅವಳು ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೂ ಚರ್ಮ ಸುಲಿದ ಆಲೂಗಡ್ಡೆಯ ಹಾಗೆ, ಅಲ್ಲಲ್ಲಿ ಕಪ್ಪು ಸೀಳು.

“ಆಯ್ತು” ಎಂದಳು. “ತರ್ತೀನಿ.”

ಇಷ್ಟು ಬೇಗ ಒಪ್ಪಿದ್ದು ಕಂಡು ಕುಳ್ಳಿ ಅವಳ ಮುಖ ನೋಡಿದಳು. ಮೇಸ್ತ್ರಿ ನೋಡಲಿಲ್ಲ.

ಮುಂದಿನ ಗೇಟಿನ ಆ ಹುಲ್ಲು ಅವಳಿಗೆ ಗೊತ್ತಿತ್ತು. ಸ್ಪಿರಿಟ್ಟಿನ ಗೋಡೌನಿಗೂ ಅದಕ್ಕೂ ತುಂಬ ದೂರ. ಆಫೀಸಿನವರು ಸಿಗರೇಟು ಸೇದಲು ಬಂದು ನಿಲ್ಲುವುದು ಅಲ್ಲೇ. ಸುತ್ತ ಬಿಳಿ ಸುಣ್ಣದ ಕಲ್ಲು, ನಡುವೆ ಎಲೆಯ ಗುರುತಿನ ದೊಡ್ಡ ಬೋರ್ಡು. ಗೋಡೆಯೊಳಗಿನ ಜಾಗ.

ಗೋಡೆಯೊಳಗಿನ ಹೊಗೆ ನಮ್ಮ ಲೆಕ್ಕಕ್ಕೆ, ಎಂದಿದ್ದ ಸಾಹೇಬ.

ಆ ಮಾತನ್ನು ಅವಳು ಮನಸ್ಸಿನಲ್ಲಿ ಒಂದು ಸಲ ಹೊರಳಿಸಿ ನೋಡಿದಳು, ಸೀಸೆಯನ್ನು ಬೆಳಕಿಗೆ ಹಿಡಿಯುವ ಹಾಗೆ. ಆಮೇಲೆ ಎದ್ದು ಕೆಲಸ ಶುರು ಮಾಡಿದಳು. ಡ್ರಮ್ಮನ್ನು ಬಗ್ಗಿಸಿ ಉಳಿದ ನೀರು ಚೆಲ್ಲಿ, ಉರುಳಿಸಿಕೊಂಡು ಹೋಗಿ ಕೈಗಾಡಿಯ ಮೇಲೆ ನಿಲ್ಲಿಸಿದಳು. ಒಲೆಯ ಮೂರು ಕಲ್ಲುಗಳನ್ನು ಒಂದೊಂದಾಗಿ ಕಿತ್ತು ತಂದು ಅದರ ತಳಕ್ಕಿಳಿಸಿದಳು. ಅದರ ಮೇಲೆ ಸೌದೆ, ಮರದ ಪುಡಿಯ ಮೂಟೆ. ಸೋಡಾಪುಡಿಯ ಪೊಟ್ಟಣ. ಜಗುಲಿಯ ಕ್ರೇಟಿನಿಂದ ಹಸಿರೆಲೆ ಅಂಟಿದ ಸೀಸೆಗಳನ್ನೇ ಆರಿಸಿ ಆರಿಸಿ ಮೇಲೆ ಜೋಡಿಸಿದಳು. ಎಲ್ಲದರ ಮೇಲೆ ಒಂದು ಗೋಣಿತಾಟು ಮುಚ್ಚಿದಳು. ಗಂಡನ ಕೆಲಸ ಹೋಗುತ್ತದೆ, ಕ್ರೇಟು ನಿಲ್ಲುತ್ತದೆ, ಬಹುಶಃ ಮನೆಯೂ. ಅದನ್ನೆಲ್ಲ ಅವಳು ಯೋಚಿಸಲಿಲ್ಲವೆಂದಲ್ಲ. ಯೋಚಿಸುತ್ತಲೇ ಗೋಣಿತಾಟಿನ ಅಂಚನ್ನು ಒಳಕ್ಕೆ ಸಿಕ್ಕಿಸಿದಳು.

ಮಂಚದಿಂದ ಅತ್ತೆ ಇದನ್ನೆಲ್ಲ ನೋಡುತ್ತಿದ್ದಳು.

“ಗಿಡಕ್ಕೆ ನೀರು ಹಾಕೋಕೆ ಒಲೆ ಕಲ್ಲು ಯಾಕೆ?”

“ಗಾಡಿ ಅಲ್ಲಾಡಬಾರ್ದಲ್ಲ ಅತ್ತೆ. ಭಾರಕ್ಕೆ.”

ಅತ್ತೆ ಗಾಡಿಯನ್ನೂ ಅವಳನ್ನೂ ನೋಡಿದಳು. ಗೋಡೆ ಕಡೆ ಹೊರಳಿ ಹೊದಿಕೆ ಎಳೆದುಕೊಂಡಳು.

ಕೆಲಸ ಮುಗಿಸಿ ಬಂದ ಗಂಡ ಚಾಪೆ ಎತ್ತಿಕೊಂಡು ಜಗುಲಿಗೆ ಹೊರಟವನು ಅಲ್ಲಿ ಕ್ರೇಟುಗಳನ್ನು ಕಂಡು ತಿರುಗಿ ಬಂದ. ಕಿಟಕಿಯ ಕೆಳಗೆ ಒಲೆಯಿದ್ದ ಕಡೆ ಬರೀ ಒದ್ದೆ ನೆಲ. ಅವನು ಅದನ್ನು ಒರೆಸಿ, ಚಾಪೆ ಹಾಸಿ, ಅನುಮಾನಿಸುತ್ತಲೇ ಕಾಲು ಚಾಚಿದ. ಪೂರ್ತಿ ಚಾಚಿದರೂ ಪಾದ ಎಲ್ಲಿಗೂ ತಾಗಲಿಲ್ಲ.

“ಎಷ್ಟು ಜಾಗ ಇದೆಯಲ್ಲೇ ಈ ಮನೇಲಿ” ಎಂದ.

“ಹೂಂ” ಎಂದಳು ಅವಳು. “ಮಲ್ಕೋ.”